ಬಾನೆಟ್ ಎತ್ತದೆಯೇ ಎಂಜಿನ್ ನಾಡಿ ನೋಡಿ!

ಬೆಳಿಗ್ಗೆ ಎಂಟೂವರೆ ಗಂಟೆ. ಮನೆಯವರು ಮಾರಿಕುಪ್ಪಂ ರೈಲು ಹಿಡಿದು ಆಗಲೇ ಬೆಂಗಳೂರಿನ ದಾರಿಯಲ್ಲಿದ್ದಾರೆ. ನೀವು ಮಕ್ಕಳನ್ನು ಶಾಲೆಗೆ ಬಿಟ್ಟು, ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ ತರಕಾರಿ ತಗೊಂಡು, ಅತ್ತೆಯವರನ್ನು ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಅಷ್ಟರಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಹಳದಿ ಬಣ್ಣದ ಎಂಜಿನ್ ಚಿತ್ರವೊಂದು ಹೊತ್ತಿಕೊಂಡು ಕೂತಿದೆ! ಫೋನ್ ಮಾಡಿದರೆ ಯಜಮಾನರು ‘ಸಂಜೆ ಬಂದು ನೋಡ್ತೀನಿ ಬಿಡು’ ಅಂತಾರೆ. ಗ್ಯಾರೇಜಿಗೆ ಹೋದರೆ ‘ದೊಡ್ಡ ಕೆಲಸ ಇರೋ ಹಾಗಿದೆ ಮೇಡಂ, ಗಾಡಿ ಬಿಟ್ಟು ಹೋಗಿ’ ಅನ್ನುವ ಮಾತು. ಹೋಗೋದಾ, ನಿಲ್ಲಿಸೋದಾ? ತೀರ್ಮಾನ ನಿಮ್ಮದೇ.

ಇಂಥ ಹೊತ್ತಿನಲ್ಲಿ ಕೈಗೆ ಆಸರೆಯಾಗುವ ಒಂದು ಪುಟ್ಟ ಸಾಧನವಿದೆ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಹೆಸರು ಒಬಿಡಿ ಸ್ಕ್ಯಾನರ್. ಕಾರಿನೊಳಗೆ ಸಿಕ್ಕಿಸಿದರೆ ಎಂಜಿನ್ನಿನ ಒಳಗುಟ್ಟನ್ನು ನಿಮ್ಮ ಮೊಬೈಲಿಗೆ ಹೇಳುತ್ತದೆ. ಇದನ್ನು ಬಳಸಲು ಎಂಜಿನಿಯರಿಂಗ್ ಓದಿರಬೇಕಿಲ್ಲ. ಮನೆಯಲ್ಲಿ ಬಿ.ಪಿ. ಮೆಷಿನ್ ಬಳಸಲು ಬಂದರೆ ಇದೂ ಬರುತ್ತದೆ.

ಏನಿದು ಪುಟ್ಟ ಡಬ್ಬಿ?

ಈಗಿನ ಕಾರುಗಳಲ್ಲಿ ಎಂಜಿನ್ನನ್ನು ನೋಡಿಕೊಳ್ಳಲು ಒಂದು ಕಂಪ್ಯೂಟರ್ ಇರುತ್ತದೆ. ನೀರಿನ ಬಿಸಿ, ಒಳಬರುವ ಗಾಳಿ, ಹೊರಹೋಗುವ ಹೊಗೆ, ಬ್ಯಾಟರಿಯ ವೋಲ್ಟೇಜ್ ಎಲ್ಲವನ್ನೂ ಸೆನ್ಸರ್‌ಗಳ ಮೂಲಕ ಅದು ಗಮನಿಸುತ್ತಲೇ ಇರುತ್ತದೆ. ಏನಾದರೂ ಹೆಚ್ಚುಕಡಿಮೆಯಾದರೆ ಒಂದು ಸಂಕೇತ, ಅಂದರೆ ಕೋಡ್ ಬರೆದಿಟ್ಟುಕೊಂಡು ಹಳದಿ ದೀಪ ಹೊತ್ತಿಸುತ್ತದೆ. ಆ ಕೋಡ್ ಓದುವುದೇ ಸ್ಕ್ಯಾನರಿನ ಕೆಲಸ.

ಅಮೆರಿಕದಲ್ಲಿ 1996ರಿಂದ ಹೊಸ ಕಾರುಗಳಿಗೆಲ್ಲ ಒಂದೇ ಬಗೆಯ ಒಬಿಡಿ ಸಾಕೆಟ್ ಕಡ್ಡಾಯವಾಯಿತು. ನಮ್ಮಲ್ಲಿ ಭಾರತ್ ಸ್ಟೇಜ್-4 ನಿಯಮದ ಜೊತೆ 2010ರಲ್ಲಿ ಒಬಿಡಿ ಬಂತು, 2013ರಲ್ಲಿ ಅದರ ಎರಡನೇ ಹಂತ ಬಂತು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಭಾರತ್ ಸ್ಟೇಜ್-6 ಜಾರಿಯಾದ ಮೇಲೆ ನಿಯಮ ಇನ್ನೂ ಬಿಗಿಯಾಗಿದೆ. ಹಾಗಾಗಿ 2013ರ ನಂತರದ ಪೆಟ್ರೋಲ್ ಅಥವಾ ಡೀಸೆಲ್ ಕಾರು ನಿಮ್ಮದಾದರೆ ಚಿಂತೆ ಬೇಡ. 2010ಕ್ಕಿಂತ ಹಳೆಯ ಕಾರಾದರೆ ಹೊಂದುತ್ತದೋ ಇಲ್ಲವೋ ಎಂದು ಕೇಳಿಯೇ ಕೊಳ್ಳಿ. ಕಾರ್ಬ್ಯುರೇಟರ್ ಇರುವ ಹಳೇ ಮಾರುತಿಗೆ ಇದರಿಂದ ಪ್ರಯೋಜನವಿಲ್ಲ.

ಕೆಜಿಎಫ್‌ನವರಿಗೆ ಈ ವಿಷಯ ಬಲು ಬೇಗ ಅರ್ಥವಾಗಬೇಕು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆ ಸಿಡಿದರೆ ಮೇಲೆ ಮನೆಯ ಪಾತ್ರೆಗಳು ಅಲುಗಾಡುತ್ತಿದ್ದುದನ್ನು ನಿಮ್ಮ ಅಜ್ಜಿಯೋ ಅತ್ತೆಯೋ ಹೇಳಿರುತ್ತಾರೆ. ಬಂಡೆಯೊಳಗಿನ ಸಣ್ಣ ಸದ್ದನ್ನೂ ಆಲಿಸಲು ಅಲ್ಲಿ ಜಿಯೋಫೋನ್‌ಗಳನ್ನು ಇಟ್ಟಿದ್ದರು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಶುರುವಾದದ್ದೂ ಕೆಜಿಎಫ್‌ನಲ್ಲೇ. ಸದ್ದು ಎಲ್ಲಿಂದ ಬಂತು ಎಂದು ಯಂತ್ರ ಹೇಳುತ್ತಿತ್ತು. ಅಲ್ಲಿ ಆಗಿರುವುದೇನು ಎಂದು ತಿಳಿದವರೇ ಹೋಗಿ ನೋಡಬೇಕಿತ್ತು. ನಿಮ್ಮ ಕಾರಿನ ಸ್ಕ್ಯಾನರ್ ಕೂಡ ಅಷ್ಟೇ ಮಾಡುತ್ತದೆ. ಈ ಮಾತು ನೆನಪಿಟ್ಟುಕೊಂಡರೆ ನೀವು ಸುಮ್ಮನೆ ಹೆದರುವುದೂ ಇಲ್ಲ, ಮೋಸ ಹೋಗುವುದೂ ಇಲ್ಲ.

ಬಳಸೋದು ಹೇಗೆ?

* ಸ್ಟಿಯರಿಂಗ್ ಕೆಳಗೆ, ಫ್ಯೂಸ್ ಬಾಕ್ಸ್ ಆಸುಪಾಸಿನಲ್ಲಿ 16 ತೂತುಗಳ ಸಾಕೆಟ್ ಇರುತ್ತದೆ. ಎಂಜಿನ್ ಆಫ್ ಇರುವಾಗಲೇ ಸ್ಕ್ಯಾನರನ್ನು ಅದಕ್ಕೆ ಸಿಕ್ಕಿಸಿ. ನಂತರ ಕೀ ತಿರುಗಿಸಿ ಇಗ್ನಿಷನ್ ಆನ್ ಮಾಡಿ.

* ಮೊಬೈಲಿನ ಬ್ಲೂಟೂತ್‌ನಲ್ಲಿ ಅದನ್ನು ಹುಡುಕಿ ಜೋಡಿಸಿ. ಪಾಸ್‌ವರ್ಡ್ ಕೇಳಿದರೆ ಸಾಮಾನ್ಯವಾಗಿ 1234 ಅಥವಾ 0000. ಐಫೋನ್ ಇದ್ದವರು ಐಫೋನಿಗೆ ಹೊಂದುವುದನ್ನೇ ಕೇಳಿ ತಗೊಳ್ಳಿ. ಎಲ್ಲ ಬ್ಲೂಟೂತ್ ಸ್ಕ್ಯಾನರ್‌ಗಳೂ ಅದಕ್ಕೆ ಕೂಡಿಕೊಳ್ಳುವುದಿಲ್ಲ.

* ಟಾರ್ಕ್, ಕಾರ್ ಸ್ಕ್ಯಾನರ್ ಮುಂತಾದ ಆ್ಯಪ್‌ಗಳಲ್ಲಿ ಒಂದನ್ನು ಹಾಕಿಕೊಂಡು ‘ಫಾಲ್ಟ್ ಕೋಡ್’ ಎನ್ನುವಲ್ಲಿ ಒತ್ತಿ. ಬಂದ ಕೋಡನ್ನು ಬರೆದುಕೊಳ್ಳಿ, ಇಲ್ಲವೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ‘ಕ್ಲಿಯರ್’ ಬಟನ್ ಮಾತ್ರ ಆತುರದಲ್ಲಿ ಒತ್ತಬೇಡಿ! ದೀಪ ಆರುತ್ತದೆ ನಿಜ, ಆದರೆ ಮೆಕ್ಯಾನಿಕ್‌ಗೆ ಬೇಕಾದ ಸುಳಿವೂ ಅಳಿಸಿಹೋಗುತ್ತದೆ.

ಬೆಲೆ ಕೆಲವು ನೂರು ರೂಪಾಯಿಗಳಿಂದ ಕೆಲವು ಸಾವಿರದವರೆಗೂ ಇದೆ. ತೀರಾ ಅಗ್ಗದ ನಕಲಿ ಸ್ಕ್ಯಾನರ್‌ಗಳು ಕೆಲವು ಕಾರುಗಳ ಜೊತೆ ಮಾತೇ ಆಡುವುದಿಲ್ಲ. ವಾಪಸ್ ಕೊಡುವ ಅವಕಾಶವಿರುವ ಕಡೆಯೇ ಕೊಳ್ಳುವುದು ಜಾಣತನ.

ಕೋಡ್ ಬಂತು, ಮುಂದೆ?

ಕೋಡ್ ಎಂದರೆ ರೋಗದ ಲಕ್ಷಣ. ಜ್ವರ 102 ಎಂದು ಥರ್ಮಾಮೀಟರ್ ಹೇಳುತ್ತದೆ. ಅದು ಮಲೇರಿಯಾನೋ ಗಂಟಲು ನೋವೋ ಎಂದು ಹೇಳುವವರು ಡಾಕ್ಟರು. ಎರಡು ಉದಾಹರಣೆ ನೋಡಿ.

ಪಿ0301 ಬಂದರೆ ಒಂದನೇ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಪೆಟ್ರೋಲ್ ಕಾರಿನಲ್ಲಿ ಕಾರಣ ಕಡಿಮೆ ಬೆಲೆಯ ಸ್ಪಾರ್ಕ್ ಪ್ಲಗ್ ಇರಬಹುದು, ಇಗ್ನಿಷನ್ ಕಾಯಿಲ್ ಇರಬಹುದು, ಇಂಜೆಕ್ಟರ್ ಇರಬಹುದು. ಮೊದಲು ಪ್ಲಗ್ ಬಿಚ್ಚಿ ನೋಡಲು ಹೇಳಿ.

ಪಿ0420 ಬಂದರೆ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ಕಂಪ್ಯೂಟರಿಗೆ ಅನ್ನಿಸಿದೆ. ಹೊಸದು ಹಾಕಿಸಿದರೆ ಬಿಲ್ ಸಾವಿರಗಟ್ಟಲೆ ಏರುತ್ತದೆ. ಆದರೆ ಆಕ್ಸಿಜನ್ ಸೆನ್ಸರ್ ಕೆಟ್ಟಿದ್ದರೂ, ಸೈಲೆನ್ಸರ್ ಪೈಪಿನಲ್ಲಿ ಸೋರಿಕೆ ಇದ್ದರೂ ಇದೇ ಕೋಡ್ ಬರಬಹುದು. ಇವೆರಡನ್ನೂ ನೋಡದೆ ಒಪ್ಪಿಕೊಳ್ಳಬೇಡಿ. ಇನ್ನೊಂದು ಗುಟ್ಟು: ಈ ಕನ್ವರ್ಟರಿನೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳಿರುತ್ತವೆ. ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು, ನಿಜ. ನಿಮ್ಮ ಕಾರಿನ ಹೊಟ್ಟೆಯಡಿಯ ಈ ಸಣ್ಣ ಗಣಿಯನ್ನು ಮಾತ್ರ ಗುಜರಿಗೆ ಸುಮ್ಮನೆ ಬಿಟ್ಟು ಬರಬೇಡಿ. ಬದಲಾಯಿಸಲೇಬೇಕಾದರೆ ಹಳೆಯದನ್ನು ಕೇಳಿ ಪಡೆಯಿರಿ, ಇಲ್ಲವೇ ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆಯಲು ಹೇಳಿ.

ಬಿಸಿಯ ಮೇಲೆ ಕಣ್ಣಿರಲಿ

ಈಗಿನ ಎಷ್ಟೋ ಕಾರುಗಳಲ್ಲಿ ಎಂಜಿನ್ ಬಿಸಿ ತೋರಿಸುವ ಮುಳ್ಳೇ ಇರುವುದಿಲ್ಲ. ತೀರಾ ಬಿಸಿಯಾದ ಮೇಲೆ ಕೆಂಪು ದೀಪ ಬರುತ್ತದೆ, ಅಷ್ಟೇ. ಸ್ಕ್ಯಾನರ್ ಇದ್ದರೆ ಬಿಸಿ ಎಷ್ಟಿದೆ ಎಂದು ಅಂಕಿಯಲ್ಲೇ ಕಾಣುತ್ತದೆ. ಸಾಮಾನ್ಯವಾಗಿ 85ರಿಂದ 105 ಡಿಗ್ರಿ ಸೆಲ್ಸಿಯಸ್ ಒಳಗಿರುತ್ತದೆ. ಕಾರು ಚೆನ್ನಾಗಿರುವಾಗಲೇ ಒಂದೆರಡು ದಿನ ನೋಡಿ, ನಿಮ್ಮ ಕಾರಿನ ಮಾಮೂಲಿ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಬಂಗಾರಪೇಟೆ ಗೇಟಿನಲ್ಲಿ ನಿಂತಾಗ ಎಷ್ಟು, ಎ.ಸಿ. ಹಾಕಿದಾಗ ಎಷ್ಟು ಎನ್ನುವುದು ಗೊತ್ತಿದ್ದರೆ, ಅದು ಏರತೊಡಗಿದಾಗ ತಕ್ಷಣ ತಿಳಿಯುತ್ತದೆ.

ಕೋಲಾರ ಜಿಲ್ಲೆಯವರಿಗೆ ಈ ಎಚ್ಚರ ಇನ್ನೂ ಮುಖ್ಯ. ನಮ್ಮ ಬೋರ್‌ವೆಲ್ ನೀರು ಎಷ್ಟು ಗಡಸು ಎಂದು ನೀರು ಕಾಯಿಸುವ ಪಾತ್ರೆಯ ತಳ ನೋಡಿದರೆ ಸಾಕು, ಬಿಳಿ ಪದರ ಕಟ್ಟಿರುತ್ತದೆ. ಅದೇ ನೀರನ್ನು ರೇಡಿಯೇಟರಿಗೆ ಸುರಿದರೆ ಅಲ್ಲೂ ಪದರ ಕಟ್ಟಿ, ಸಣ್ಣ ಕೊಳವೆಗಳು ಮುಚ್ಚಿಕೊಂಡು, ಎಂಜಿನ್ ಬಿಸಿಯೇರುತ್ತದೆ. ಕೂಲೆಂಟ್ ಟ್ಯಾಂಕ್ ಒಮ್ಮೆ ನೋಡಿ. ಕೂಲೆಂಟ್ ಹಸಿರೋ, ಗುಲಾಬಿಯೋ, ನೀಲಿಯೋ ಇರಬೇಕು. ಬಂಗಾರಪೇಟೆ ಪಾನಿಪೂರಿಯ ಪಾನಿಯ ಹಾಗೆ ಬಣ್ಣವೇ ಇಲ್ಲದೆ ತಿಳಿಯಾಗಿದ್ದರೆ, ಯಾರೋ ಬರೀ ನೀರು ಸುರಿದಿದ್ದಾರೆ ಎಂದೇ ಲೆಕ್ಕ! ಪಾನಿಪೂರಿಗೆ ಅದು ಚೆಂದ, ಕಾರಿಗಲ್ಲ. ಕಂಪನಿ ಹೇಳಿದ ಕೂಲೆಂಟನ್ನೇ ಹಾಕಿಸಿ. ಬೆರೆಸಬೇಕಾದರೆ ಡಿಸ್ಟಿಲ್ಡ್ ವಾಟರ್ ಬಳಸಿ.

ತಿರುಪತಿಗೆ ಹೋಗುವವರು ತಿರುಮಲ ಘಾಟ್ ಹತ್ತುವಾಗ, ವಾಪಸ್ ಬರುತ್ತಾ ಪಲಮನೇರಿನ ಮೊದಲು ಮೊಗಿಲಿ ಘಾಟ್ ಏರುವಾಗ ಕಾರು ತುಂಬಾ ಜನ, ಸಾಮಾನು, ಜೊತೆಗೆ ಎ.ಸಿ. ಬೇರೆ. ಹಾಗೆಯೇ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯಲ್ಲಿ ಹೊಸಕೋಟೆಯಿಂದ ಬೇತಮಂಗಲದ ಕಡೆಗಿನ ಭಾಗ 2024ರ ಡಿಸೆಂಬರಿನಲ್ಲಿ ಸಂಚಾರಕ್ಕೆ ತೆರೆದ ಮೇಲೆ, ಒಂದೇ ಸಮನೆ ವೇಗವಾಗಿ ಓಡಿಸುವುದು ಸುಲಭವಾಗಿದೆ. ಇಂಥ ಪ್ರಯಾಣಕ್ಕೆ ಹೊರಡುವ ಹಿಂದಿನ ದಿನವೇ ಒಮ್ಮೆ ಸ್ಕ್ಯಾನ್ ಮಾಡಿಬಿಡಿ.

ದಾರಿಯಲ್ಲಿ ಬಿಸಿ ಏರಿದರೆ ಎ.ಸಿ. ಆಫ್ ಮಾಡಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ. ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲೇಬೇಡಿ. ಕೂಗುತ್ತಿರುವ ಕುಕ್ಕರಿನ ಮುಚ್ಚಳ ತೆಗೆಯುತ್ತೀರಾ? ಇದೂ ಅದೇ! ಪೂರ್ತಿ ತಣ್ಣಗಾಗುವವರೆಗೆ ಕಾಯಿರಿ.

ಬ್ಯಾಟರಿಯ ಬಲಾಬಲ

ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ವೋಲ್ಟೇಜ್ ಸುಮಾರು 12.4ರಿಂದ 12.7 ಇದ್ದರೆ ಬ್ಯಾಟರಿ ಆರೋಗ್ಯವಾಗಿದೆ. 12ಕ್ಕಿಂತ ಕೆಳಗಿದ್ದರೆ ಯಾವತ್ತೋ ಒಂದು ದಿನ ಕೈಕೊಡುವುದು ಖಂಡಿತ. ಎಂಜಿನ್ ಓಡುವಾಗ ಹೆಚ್ಚಿನ ಕಾರುಗಳಲ್ಲಿ 13.5ರಿಂದ 14.7 ಇರುತ್ತದೆ. ಓಡುವಾಗಲೂ 12ರ ಆಸುಪಾಸಿನಲ್ಲೇ ನಿಂತುಬಿಟ್ಟರೆ ಬ್ಯಾಟರಿ ಬದಲಾಯಿಸುವ ಮುನ್ನ ಆಲ್ಟರ್ನೇಟರ್ ಪರೀಕ್ಷೆ ಮಾಡಿಸಿ. ಇಲ್ಲದಿದ್ದರೆ ಹೊಸ ಬ್ಯಾಟರಿಯೂ ವಾರದಲ್ಲಿ ಮಲಗೀತು.

ಹೋಗೋದಾ? ನಿಲ್ಲಿಸೋದಾ?

* ಹಳದಿ ದೀಪ ಸ್ಥಿರವಾಗಿ ಉರಿಯುತ್ತಿದೆ, ಕಾರು ಮಾಮೂಲಿನಂತೆ ಓಡುತ್ತಿದೆ, ಬಿಸಿಯೂ ಸರಿಯಾಗಿದೆ ಎಂದರೆ ನಿಧಾನವಾಗಿ ಓಡಿಸಿಕೊಂಡು ಗ್ಯಾರೇಜಿಗೆ ಹೋಗಬಹುದು.

* ಹಳದಿ ದೀಪ ಮಿಟುಕುತ್ತಿದೆ, ಕಾರು ಜರ್ಕ್ ಹೊಡೆಯುತ್ತಿದೆ ಎಂದರೆ ಪಕ್ಕಕ್ಕೆ ನಿಲ್ಲಿಸಿ. ಉರಿಯದ ಇಂಧನ ಕನ್ವರ್ಟರಿಗೆ ಹೋಗಿ ಅದನ್ನೂ ಸುಡುತ್ತದೆ.

* ಕೆಂಪು ಬಣ್ಣದ ಬಿಸಿಯ ದೀಪ ಅಥವಾ ಎಣ್ಣೆ ಕ್ಯಾನಿನ ದೀಪ ಬಂದರೆ ಸ್ಕ್ಯಾನರ್ ಹುಡುಕುತ್ತಾ ಕೂರಬೇಡಿ. ಮೊದಲು ಎಂಜಿನ್ ಬಂದ್! ಆಯಿಲ್ ಪ್ರೆಷರ್, ಬ್ರೇಕ್ ಸವೆತ, ಟೈರ್ ಇವನ್ನೆಲ್ಲ ಸಾಮಾನ್ಯ ಸ್ಕ್ಯಾನರ್ ಹೇಳುವುದಿಲ್ಲ. ‘ಯಾವ ಕೋಡೂ ಇಲ್ಲ’ ಅಂದಮಾತ್ರಕ್ಕೆ ಕಾರಿನಲ್ಲಿ ಎಲ್ಲವೂ ಸರಿಯಿದೆ ಎಂದುಕೊಳ್ಳಬೇಡಿ.

ಗ್ಯಾರೇಜಿನಲ್ಲಿ ಹೀಗೆ ಕೇಳಿ

ಬಿಇಎಂಎಲ್ ಇರುವ ಊರು ಕೆಜಿಎಫ್. ಯಂತ್ರ ಬಲ್ಲ ಒಳ್ಳೆಯ ಕೈಗಳಿಗೆ ಇಲ್ಲಿ ಕೊರತೆಯಿಲ್ಲ. ಹಾಗಾಗಿ ಸ್ಕ್ಯಾನರ್ ಹಿಡಿದು ಮೆಕ್ಯಾನಿಕ್ ಜೊತೆ ಜಗಳಕ್ಕೆ ನಿಲ್ಲಬೇಡಿ. ಮಾತು ಹೀಗಿರಲಿ: ‘ಅಣ್ಣ, ಪಿ0301 ಕೋಡ್ ಬಂದಿದೆ. ಮೊದಲು ಏನು ಚೆಕ್ ಮಾಡ್ತೀರಾ? ಪಾರ್ಟ್ ಕೆಟ್ಟಿದೆ ಅಂತ ಹೇಗೆ ಗೊತ್ತಾಯ್ತು? ಹಳೇ ಪಾರ್ಟ್ ನನಗೆ ಕೊಡಿ.’ ಈ ಮೂರು ಮಾತು ಸಾಕು. ಕೆಲಸ ಬಲ್ಲವನು ಖುಷಿಯಿಂದ ವಿವರಿಸುತ್ತಾನೆ. ಮಾತು ತೇಲಿಸಿದರೆ ಇನ್ನೊಂದು ಗ್ಯಾರೇಜ್ ನೋಡಿ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗಲಂತೂ ಸ್ಕ್ಯಾನರ್ ನಿಮ್ಮ ವ್ಯಾನಿಟಿ ಬ್ಯಾಗಿನಲ್ಲಿರಲಿ. ಮಾರುವವರು ಆ ಬೆಳಿಗ್ಗೆಯೇ ಕೋಡ್ ಅಳಿಸಿರಬಹುದು. ಆ್ಯಪ್‌ನಲ್ಲಿ ‘ರೆಡಿನೆಸ್’ ಎಂಬ ಪುಟ ತೆರೆಯಿರಿ. ಅಲ್ಲಿ ಹಲವು ಪರೀಕ್ಷೆಗಳು ‘ಪೂರ್ಣವಾಗಿಲ್ಲ’ ಎಂದು ತೋರಿಸಿದರೆ ಇತ್ತೀಚೆಗೆ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ಬಿಚ್ಚಿದ್ದಾರೆ ಎಂದರ್ಥ. ಕೆಲವು ದಿನ ಓಡಿದ ಮೇಲೆ ಮತ್ತೆ ನೋಡಿಯೇ ಮುಂಗಡ ಕೊಡಿ.

ಇಷ್ಟು ಎಚ್ಚರ ಇರಲಿ

* ಕಾರು ಓಡಿಸುತ್ತಾ ಮೊಬೈಲ್ ನೋಡಬೇಡಿ. ಅಂಕಿ ಓದುವ ಕೆಲಸ ಪಕ್ಕದಲ್ಲಿ ಕೂತವರಿಗಿರಲಿ.

* ಸ್ಕ್ಯಾನರ್ ಉದ್ದವಾಗಿ ಹೊರಚಾಚಿ ಕಾಲಿಗೆ, ಕ್ಲಚ್ಚಿಗೆ ತಾಗುವಂತಿದ್ದರೆ ಅದನ್ನು ಸಿಕ್ಕಿಸಿಕೊಂಡು ಓಡಿಸಬೇಡಿ.

* ಕೆಲಸ ಮುಗಿದ ಮೇಲೆ ಕಿತ್ತಿಡಿ. ದಿನಗಟ್ಟಲೆ ಬಿಟ್ಟರೆ ಬ್ಯಾಟರಿ ಹೀರುತ್ತದೆ. ಸುಲಭದ ಪಾಸ್‌ವರ್ಡ್ ಇರುವುದರಿಂದ ಹತ್ತಿರದಲ್ಲಿರುವ ಬೇರೆಯವರ ಮೊಬೈಲಿಗೂ ಜೋಡಿಕೊಂಡೀತು.

* ಸಿಮ್ ಹಾಕುವ ಬಗೆಯ ಸಾಧನಗಳು ಕಾರು ಎಲ್ಲಿದೆ ಎಂಬುದನ್ನೂ ಹೊರಗೆ ಕಳಿಸುತ್ತವೆ. ನೀವು ಎಲ್ಲಿಗೆ ಹೋದಿರಿ, ಎಷ್ಟು ಹೊತ್ತು ನಿಂತಿರಿ ಎಂಬ ಲೆಕ್ಕ ಯಾರ ಕೈಗೆ ಸೇರುತ್ತದೆ ಎಂದು ಕೇಳಿ ತಿಳಿದುಕೊಂಡೇ ಹಾಕಿಸಿ. ಅದು ನಿಮ್ಮ ಹಕ್ಕು.

* ‘ಕೋಡಿಂಗ್’, ‘ಪ್ರೋಗ್ರಾಮಿಂಗ್’ ಎಂಬ ಬಟನ್‌ಗಳ ತಂಟೆಗೆ ಹೋಗಬೇಡಿ. ಓದುವುದಷ್ಟೇ ನಮ್ಮ ಕೆಲಸ.

ಮನೆಯ ಖರ್ಚಿನ ಪುಸ್ತಕದಲ್ಲಿ ಕಾರಿಗೂ ಒಂದು ಪುಟ ಮೀಸಲಿಡಿ. ತಿಂಗಳಿಗೊಮ್ಮೆ, ಗ್ಯಾಸ್ ಬುಕ್ ಮಾಡುವ ದಿನವೇ ಆಗಲಿ, ಐದು ನಿಮಿಷ ಬಿಡುವು ಮಾಡಿಕೊಂಡು ಬಿಸಿ, ವೋಲ್ಟೇಜ್, ಕೋಡ್ ಈ ಮೂರನ್ನೂ ಬರೆಯಿರಿ. ಆರು ತಿಂಗಳಾಗುವಷ್ಟರಲ್ಲಿ ನಿಮ್ಮ ಕಾರಿನ ಮೈಗುಣ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ನಿಮಗೇ ಗೊತ್ತಿರುತ್ತದೆ!