ಗಿನಿ ಪಿಗ್‌ಗೆ ಜೊತೆ ತರುವ ಮುಂಚೆ

ನಮ್ಮ ಮನೆಯ ಗುಂಡನನ್ನು ನಿಮ್ಮಲ್ಲಿ ಎಷ್ಟೋ ಜನ ನೋಡಿದ್ದೀರಿ. ಕೆಲವರು ಇಲಿ ಅಂತೀರಿ, ಕೆಲವರು ಮೊಲದ ಮರಿ ಅಂತೀರಿ. ಅವನು ಗಿನಿ ಪಿಗ್. ಹೆಸರಲ್ಲಿ ಪಿಗ್ ಇದ್ದರೂ ಹಂದಿಯಲ್ಲ, ಗಿನಿ ದೇಶದ್ದೂ ಅಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಜನ ಸಾವಿರಾರು ವರ್ಷಗಳ ಹಿಂದೆಯೇ ಸಾಕಿದ ಪ್ರಾಣಿ. ಇದು ಗುಂಪಿನಲ್ಲಿ ಬಾಳುವಂಥದ್ದು, ಒಂಟಿಯಾದರೆ ಸೊರಗುತ್ತೆ. ಸ್ವಿಟ್ಜರ್ಲೆಂಡಿನಲ್ಲಿ 2008ರ ನಿಯಮದ ಪ್ರಕಾರ ಒಂದನ್ನೇ ಸಾಕುವ ಹಾಗೇ ಇಲ್ಲ!

ನಾವೂ ಎರಡು ತಂದಿದ್ದೆವು. ಅಂಗಡಿಯವರು "ಎರಡೂ ಹೆಣ್ಣೇ" ಅಂದಿದ್ದರು. ಗುಂಡ ಗಂಡು ಅಂತ ಗೊತ್ತಾಗಿದ್ದು ಕೆಂಪಿಯ ಹೊಟ್ಟೆ ದಪ್ಪ ಆದಮೇಲೆ. ಮರಿ ಬರುತ್ತೆ ಅಂತ ನಾನೂ ತಂಗಿಯೂ ಕುಣಿದಾಡಿದೆವು. ಆದರೆ ಕೆಂಪಿಗೆ ಹೆರಲು ಆಗಲಿಲ್ಲ. ರಾತ್ರಿಯೆಲ್ಲಾ ತಿಣುಕಿ ಬೆಳಗಿನ ಜಾವ ಸತ್ತುಹೋದಳು.

ದನದ ಡಾಕ್ಟ್ರು ಕಾರಣ ಹೇಳಿದರು. ಹೆಣ್ಣು ಗಿನಿ ಪಿಗ್ ಸುಮಾರು ಆರೇಳು ತಿಂಗಳೊಳಗೆ ಒಮ್ಮೆಯೂ ಮರಿ ಹಾಕದಿದ್ದರೆ ಸೊಂಟದ ಮೂಳೆಗಳ ಕೂಡು ಬಿಗಿದುಕೊಳ್ಳುತ್ತದೆ. ಆಮೇಲೆ ಗಬ್ಬವಾದರೆ ಮರಿ ಹೊರಬರಲು ದಾರಿ ಸಾಲದು. ಮರಿಗಳೂ ಸಣ್ಣವಲ್ಲ. 59ರಿಂದ 72 ದಿನ ಹೊಟ್ಟೆಯಲ್ಲಿ ಬೆಳೆದು, ಕೂದಲು, ಹಲ್ಲು, ತೆರೆದ ಕಣ್ಣುಗಳ ಸಮೇತ ಹುಟ್ಟುತ್ತವೆ. ತಂದಾಗಲೇ ಕೆಂಪಿಗೆ ಹೆಚ್ಚುಕಡಿಮೆ ಒಂದು ವರ್ಷ ಆಗಿತ್ತು.

ಗುಂಡ ಮೂಲೆ ಹಿಡಿದು ಕೂತ. "ಇನ್ನೊಂದು ಹೆಣ್ಣು ತರೋಣ" ಅಂದೆ. "ಅದನ್ನೂ ಸಾಯಿಸ್ತೀಯಾ?" ಅಂದರು ಅಪ್ಪ. ಅದಕ್ಕೇ ಈ ಸಲ ಡಾಕ್ಟ್ರನ್ನು ಕೇಳಿಯೇ ಮಾಡಿದೆವು. ಕ್ರಮ ಹೀಗಿದೆ:

1. ಮೊದಲು ಗಂಡಿಗೆ ಬೀಜ ತೆಗೆಸುವ ಆಪರೇಷನ್. ಇದನ್ನು ಎಲ್ಲ ಕಡೆ ಮಾಡುವುದಿಲ್ಲ, ಸಣ್ಣ ಪ್ರಾಣಿಗಳನ್ನು ನೋಡಿ ಅಭ್ಯಾಸ ಇರುವ ಡಾಕ್ಟ್ರೇ ಬೇಕು. ಗುಂಡನನ್ನು ಬೆಂಗಳೂರಿಗೆ ಒಯ್ದೆವು. ನಮಗಾದರೆ ಆಪರೇಷನ್‌ಗೆ ಹೊಟ್ಟೆ ಖಾಲಿ ಇರಬೇಕು. ಗಿನಿ ಪಿಗ್ ವಾಂತಿ ಮಾಡಲಾರದು, ಉಪವಾಸ ಬಿಟ್ಟರೆ ಅದರ ಕರುಳಿನ ಕೆಲಸವೇ ನಿಂತುಹೋಗಬಹುದು. ಅದಕ್ಕೆ ಹುಲ್ಲು ತಿನ್ನಲು ಬಿಡಬೇಕು.

2. ಆಮೇಲೆ ಆರು ವಾರ ಕಾಯಬೇಕು. ಒಳಗೆ ಉಳಿದ ವೀರ್ಯದಿಂದ ಹೆಣ್ಣು ಗಬ್ಬವಾಗಬಹುದು. ನಾನು ಕ್ಯಾಲೆಂಡರಿನಲ್ಲಿ 42 ಗೀಟು ಹಾಕಿದೆ.

3. ಹೊಸದಾಗಿ ತಂದ ಹೆಣ್ಣನ್ನು ಎರಡು ಮೂರು ವಾರ ಬೇರೆ ಇಡಿ. ಕಜ್ಜಿ, ನೆಗಡಿ ಇದ್ದರೆ ಗೊತ್ತಾಗುತ್ತೆ. ಹೆಣ್ಣು ಹೌದೋ, ಮೊದಲೇ ಗಬ್ಬವೋ ಅಂತ ಡಾಕ್ಟ್ರಿಂದ ನೋಡಿಸಿ. ಬರೀ ಬಾಯಿಮಾತು ನಂಬಬೇಡಿ.

4. ಇಬ್ಬರಿಗೂ ಹೊಸದಾದ ಜಾಗದಲ್ಲಿ ಬಿಡಿ. ನಡುವೆ ಹುಲ್ಲಿನ ರಾಶಿ, ಎರಡು ರಟ್ಟಿನ ಡಬ್ಬ ಇಡಿ. ಪ್ರತಿ ಡಬ್ಬಕ್ಕೂ ಎರಡು ಬಾಗಿಲು ಇರಲಿ, ಅಟ್ಟಿಸಿಕೊಂಡು ಬಂದರೆ ಇನ್ನೊಂದು ಕಡೆಯಿಂದ ಓಡಬಹುದು.

5. ಗಂಡು ಗುರ್ರ್ ಅನ್ನುತ್ತಾ ಸೊಂಟ ಆಡಿಸಿಕೊಂಡು ಸುತ್ತುತ್ತೆ. ಬೇಡವಾದರೆ ಹೆಣ್ಣು ಅದರ ಮೇಲೆ ಉಚ್ಚೆ ಚಿಮ್ಮಿಸುತ್ತೆ. ನಗಬೇಡಿ, ಇದೆಲ್ಲಾ ಸಹಜ! ಹಲ್ಲು ಕಟಕಟ ಕಡಿದರೆ ಮಾತ್ರ ಎಚ್ಚರ. ರಕ್ತ ಬರುವ ಹಾಗೆ ಕಚ್ಚಾಡಿದರೆ ಕೈ ಹಾಕದೆ, ದಪ್ಪ ಟವೆಲ್ ಹಾಕಿ ಬಿಡಿಸಿ.

ಮೊಲದ ಜೊತೆಗೆ ಬಿಟ್ಟರೆ ಆಗದೇ ಅಂತ ಕೆಲವರು ಕೇಳಿದಿರಿ. ಬೇಡ. ಮೊಲ ಒದ್ದರೆ ಇವಕ್ಕೆ ಪೆಟ್ಟಾಗುತ್ತೆ.

ಈಗ ಗುಂಡನ ಜೊತೆ ಚುಕ್ಕಿ ಇದ್ದಾಳೆ. ಕೊತ್ತಂಬರಿ ಸೊಪ್ಪಿನ ಕಟ್ಟು ಬಿಚ್ಚಿದರೆ ಸಾಕು, ಇಬ್ಬರೂ ವೀಕ್ ವೀಕ್ ಅಂತ ಕೂಗುತ್ತಾರೆ. ನಮ್ಮ ಹಾಗೆ ಇವುಗಳ ದೇಹವೂ ವಿಟಮಿನ್ 'ಸಿ' ತಯಾರಿಸಲಾರದು. ಅದಕ್ಕೇ ದಿನಾ ಹಸಿ ಸೊಪ್ಪು, ಆಗಾಗ ಒಂದು ಚೂರು ಸೀಬೆಹಣ್ಣು ಕೊಡುತ್ತೇವೆ. ಹಣ್ಣು ನಮ್ಮ ಹಿತ್ತಿಲಿನದೇ. ಕೆಂಪಿಯನ್ನು ಆ ಸೀಬೆ ಗಿಡದ ಬುಡದಲ್ಲೇ ಮಣ್ಣು ಮಾಡಿದ್ದೇವೆ.

ನೀವೂ ತರುವುದಾದರೆ ಮೊದಲು ಕೇಳಿ ತಿಳಿದುಕೊಳ್ಳಿ, ಆಮೇಲೆ ತನ್ನಿ. ನಾವು ತಂದಾದ ಮೇಲೆ ಕೇಳಿದೆವು.