ಎರಡನೆಯ ಕೂಸನ್ನು ಕಾಯುವವರಾರು?

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಒಕ್ಕಲು ಮನೆತನಗಳಲ್ಲಿ ಚೊಚ್ಚಲು ಬಾಣಂತನವು ತವರುಮನೆಯ ಹೊಣೆ. ತಾಯಿ ಎರೆಯುತ್ತಾಳೆ, ಹೊಗೆ ಹಾಕುತ್ತಾಳೆ. ಮಗಳು ಮೈ ತುಂಬಿಕೊಂಡು ಮರಳುತ್ತಾಳೆ. ಎರಡನೆಯ ಹೆರಿಗೆಯ ಹೊತ್ತಿಗೆ ತವರಿನ ಕೈ ಸೋತಿರುವದು, ಅತ್ತೆಯಾದರೋ ತಾನೇ ಕೂಲಿಗೆ ಹೋಗುವವಳು. ಹೀಗಿರಲು ಆಷಾಢದ ಮಳೆ ಹಿಡಿದು ಹೊಲದಲ್ಲಿ ಕಳೆ ಎದ್ದಿತೆಂದರೆ, ಆರು ತಿಂಗಳ ಕೂಸನ್ನು ಯಾರ ಕೈಗೆ ಕೊಟ್ಟು ಹೋಗಬೇಕೆಂಬ ಪ್ರಶ್ನೆಯು ಬಡ ತಾಯಿಯ ಮುಂದೆ ಬಂದು ನಿಲ್ಲುವದು.

ಆಕೆಗೆ ಬೇಕಾದದ್ದು ಶ್ರೀಮಂತರ ಮನೆಯ ದಾದಿಯಲ್ಲ. ದಿನದಲ್ಲಿ ನಾಲ್ಕೈದು ತಾಸು ಕೂಸನ್ನು ನೋಡಿಕೊಳ್ಳುವ ಒಬ್ಬ ನಂಬಿಕೆಯ ಹೆಂಗಸು ಸಾಕು. ಆದರೆ ಕೂಲಿಯವಳು ಅವಳಿಗೆ ಏನು ಕೊಟ್ಟಾಳು? 2025–26ರಲ್ಲಿ ಕರ್ನಾಟಕದ ಉದ್ಯೋಗ ಖಾತರಿಯ ದಿನಗೂಲಿಯು 370 ರೂಪಾಯಿ. ಅದರ ಅರ್ಧವನ್ನು ಕೊಟ್ಟರೆ ಉಳಿದದ್ದು ಎಣ್ಣೆ-ಬೇಳೆಗೂ ಸಾಲದು. ಆದದ್ದರಿಂದ ಬಿಟ್ಟಿಯ ದಾದಿಯನ್ನು ಮನೆಯಲ್ಲಿಯೇ ಹುಡುಕುವರು. ಮೊದಲ ಮಗುವು ಏಳೆಂಟು ವರ್ಷದ ಹುಡುಗಿಯಾಗಿದ್ದರೆ ಅವಳೇ. ಇಲ್ಲವಾದರೆ ಭಾವನ ಮಗಳು. ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ, ಹುಡುಗಿ ತೊಟ್ಟಿಲ ಬಳಿಯಲ್ಲಿ. ಇದನ್ನು ನಾವು ತಾಯಿಯ ತಪ್ಪೆನ್ನಲಾರೆವು.

ಸರಕಾರವು ಏನೂ ಮಾಡಿಲ್ಲವೆಂದರೆ ಅನ್ಯಾಯವಾದೀತು. ಮಾತೃವಂದನಾ ಯೋಜನೆಯಂತೆ ಮೊದಲ ಹೆರಿಗೆಗೆ 5,000 ರೂಪಾಯಿ. 2022ರಿಂದ ಎರಡನೆಯದಕ್ಕೂ 6,000 ರೂಪಾಯಿ, ಹುಟ್ಟಿದ್ದು ಹೆಣ್ಣಾದರೆ ಮಾತ್ರ! ಹೆಣ್ಣುಕೂಸನ್ನು ಆದರಿಸುವ ಉದ್ದೇಶವು ಸ್ತುತ್ಯವೇ. ಆದರೆ ಗಂಡು ಹೆತ್ತವಳಿಗೆ ಹೊಲದ ಕೆಲಸ ತಪ್ಪುವದೆ? ಮೇಲಾಗಿ ಆ ಹಣವು ಹದಿನಾರು ದಿನದ ಕೂಲಿಯ ಮಾತು. ಪಟ್ಟಣದ ನೌಕರಿಯವಳಿಗೆ 2017ರ ತಿದ್ದುಪಡಿಯಿಂದ 26 ವಾರಗಳ ಸಂಬಳದ ರಜೆ ದೊರೆಯಿತು. ಕಳೆ ತೆಗೆಯುವವಳಿಗೆ ರಜೆ ಕೊಡುವ ಧಣಿ ಯಾರು? 1975ರಲ್ಲಿ ಆರಂಭವಾದ ಯೋಜನೆಯ ಅಂಗನವಾಡಿಯು ಮೂರು ವರ್ಷ ತುಂಬಿದ ಮಗುವನ್ನು ಕೂಡಿಸಿಕೊಳ್ಳುವದು. ಅದಕ್ಕಿಂತ ಚಿಕ್ಕದಕ್ಕೆ ಪೌಷ್ಟಿಕ ಆಹಾರದ ಪೊಟ್ಟಣವನ್ನು ಮನೆಗೆ ಕೊಟ್ಟು ಕಳಿಸುವದು. ಪೊಟ್ಟಣವು ಕೂಸನ್ನು ಕಾಯುವದಿಲ್ಲ.

1969ರಲ್ಲಿ ದಿಲ್ಲಿಯಲ್ಲಿ ಮಹಾತ್ಮರ ಜನ್ಮಶತಾಬ್ದಿಯ ಕಟ್ಟಡಗಳು ಏಳುತ್ತಿರುವಾಗ, ಕೂಲಿಕಾರರ ಕೂಸುಗಳು ಧೂಳಿನಲ್ಲಿ ಬಿದ್ದಿರುವದನ್ನು ಕಂಡು ಮೀರಾ ಮಹಾದೇವನ್‌ರವರು ಅಲ್ಲಿಯೇ ಶಿಶುಗೃಹವನ್ನು ತೆರೆದರು. ನಮ್ಮ ರಾಜ್ಯದ ಹಳ್ಳಿಗಳಿಗೆ ಅಂಥದು ಬಂದದ್ದು 2023ರಲ್ಲಿ, 4,000 ಗ್ರಾಮ ಪಂಚಾಯತಿಗಳಿಗೆಂದು ಸಾರಿದ ‘ಕೂಸಿನ ಮನೆ’ಯ ರೂಪದಲ್ಲಿ. ಹೆಸರು ಬಹು ಇಂಪಾಗಿದೆ. ಕೂಸನ್ನು ನೋಡಿಕೊಳ್ಳುವವರೂ ತರಬೇತಿ ಪಡೆದ ಊರ ಹೆಂಗಸರೇ. ನಮ್ಮ ತಕರಾರು ಬೇರೆ. ಅವರ ಕೂಲಿಯನ್ನು ಉದ್ಯೋಗ ಖಾತರಿಯ ದಿನಗಳಿಗೆ ಕಟ್ಟಿದ್ದರಿಂದ ಅವರು ಸರದಿಯ ಮೇಲೆ ಬದಲಾಗಬೇಕಾಯಿತು. ಕೂಸು ಒಂದು ಮಡಿಲಿಗೆ ಹೊಂದಿಕೊಳ್ಳುವಷ್ಟರಲ್ಲಿ ಮಡಿಲೇ ಬೇರೆ. 2025ರ ಡಿಸೆಂಬರದಲ್ಲಿ ಸಂಸತ್ತು ಆ ಖಾತರಿಯ ಕಾಯಿದೆಯ ಸ್ಥಾನದಲ್ಲಿ ಇನ್ನೊಂದನ್ನು ಅಂಗೀಕರಿಸಿದೆ. ಕೂಸಿನ ಮನೆಯ ಆಳಿಗೆ ಇನ್ನು ಮೇಲೆ ಯಾವ ಬಾಬತ್ತಿನಿಂದ ಕೂಲಿ ಎಂಬುದನ್ನು ಅಧಿಕಾರಿಗಳು ಊರಿಗೆ ಬಂದು ತಿಳಿಸಬೇಕು.

ನಮ್ಮ ಸೂಚನೆಯಾದರೋ ಇಷ್ಟೇ. ಪ್ರತಿ ಕೂಸಿನ ಮನೆಗೆ ಇಬ್ಬರು ಹೆಂಗಸರನ್ನು ವರ್ಷವಿಡೀ ಸ್ಥಿರ ಸಂಬಳದ ಮೇಲೆ ಇಡಲಿ. ಬಾಗಿಲು ಶಾಲೆಯ ಗಂಟೆಗಲ್ಲ, ಕೂಲಿಯವರನ್ನು ಹೊಲಕ್ಕೆ ಒಯ್ಯುವ ಟಂಟಂ ಹೊರಡುವ ಮುಂಚೆ ತೆರೆಯಲಿ. ಸವಣೂರಿನ ಎಲೆತೋಟಕ್ಕೂ ಹಾನಗಲ್ಲಿನ ಭತ್ತದ ಗದ್ದೆಗೂ ಹೊತ್ತು ಒಂದೇ ಅಲ್ಲ; ಅದನ್ನು ಬೆಂಗಳೂರಿನಿಂದ ಗೊತ್ತುಪಡಿಸಲು ಬಾರದು. ಮುಂಗಾರಿಗೆ ಮುಂಚಿನ ಗ್ರಾಮಸಭೆಯಲ್ಲಿ ತಾಯಂದಿರೇ ಎದ್ದು ತಮ್ಮ ವೇಳೆಯನ್ನು ಹೇಳಲಿ. ಪಂಚಾಯತಿಯವರು ಅದನ್ನು ಠರಾವಿನಲ್ಲಿ ಬರೆದುಕೊಳ್ಳಲಿ. ಉತ್ತರವು ಬಿತ್ತನೆಗೆ ಮೊದಲೇ ಬರಬೇಕು.