ವರ್ಣ ಛಾಯಾಚಿತ್ರಗಳನ್ನು ಒಣಗಿಸುವ ಕ್ರಮ

ಗೃಹಕೃತ್ಯಗಳಲ್ಲಿ ಒಣಗಿಸುವ ಕೆಲಸವನ್ನು ಒಂದು ವಿದ್ಯೆಯೆಂದು ಯಾರೂ ಎಣಿಸುವುದಿಲ್ಲ. ಸಂಡಿಗೆಯನ್ನು ಬಿಸಿಲಿಗಿಡಬೇಕು, ರೇಷ್ಮೆ ಸೀರೆಯನ್ನು ನೆರಳಿನಲ್ಲಿ ಹರವಬೇಕು ಎಂಬ ವಿವೇಕವನ್ನು ನಮ್ಮ ಗೃಹಿಣಿಯರು ಯಾವ ಪುಸ್ತಕದಿಂದಲೂ ಕಲಿತವರಲ್ಲ. ಒಂದು ಪದಾರ್ಥಕ್ಕೆ ಹಿತವಾದ ಬಿಸಿಲು ಇನ್ನೊಂದಕ್ಕೆ ಮೃತ್ಯುವಾಗುವುದೆಂಬ ಈ ತತ್ತ್ವವನ್ನು ಛಾಯಾಚಿತ್ರಗಳ ವಿಷಯದಲ್ಲಿ ಮಾತ್ರ ನಾವು ಮರೆಯುತ್ತೇವೆ. ಈಚೆಗೆ ಕೆಲವರು ತರುಣರು ಫಿಲ್ಮಿನ ಕ್ಯಾಮರಾವನ್ನು ಪುನಃ ಕೈಗೆತ್ತಿಕೊಂಡು, ಬಣ್ಣದ ಸುರುಳಿಗಳನ್ನು ಮನೆಯಲ್ಲಿಯೇ ಸಂಸ್ಕರಿಸುತ್ತಿರುವುದನ್ನು ಕಂಡು, ನಮ್ಮ ಅಲ್ಪಾನುಭವವನ್ನು ವಾಚಕ ಮಹಾಶಯರ ಮುಂದಿಡಬೇಕೆನಿಸಿತು.

‘ಶೋಷಣ’ ಎಂಬ ಸಂಸ್ಕೃತ ಶಬ್ದಕ್ಕೆ ಒಣಗಿಸುವುದೆಂದೇ ಮೂಲಾರ್ಥ. ಇಂದು ಬಲವುಳ್ಳವನು ಬಲಹೀನನನ್ನು ಹಿಂಡುವುದಕ್ಕೆ ಆ ಶಬ್ದವನ್ನು ಪ್ರಯೋಗಿಸುತ್ತಾರೆ. ಆತುರಗಾರನ ಕೈಗೆ ಸಿಕ್ಕಿದ ಫಿಲ್ಮಿನ ವಿಷಯದಲ್ಲಿ ಎರಡು ಅರ್ಥಗಳೂ ಸರಿಹೊಂದುವುವು. ಇದಕ್ಕೆ ದೃಷ್ಟಾಂತವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಅಂತಹ ಆತುರಗಾರರು ನಾವೇ ಆಗಿದ್ದೆವು.

1996ನೆಯ ಇಸವಿಯ ಜುಲೈ ತಿಂಗಳು. ಮಲೆನಾಡಿನ ಒಂದು ಊರಿನಲ್ಲಿ ಆಗ ನಮಗೆ ಉಪಾಧ್ಯಾಯ ವೃತ್ತಿ. ನಮ್ಮ ತೀರ್ಥರೂಪರು ಜಗಲಿಯಲ್ಲಿ ಕುಳಿತು ಅಡಕೆ ಕತ್ತರಿಸುತ್ತಿದ್ದಾಗ ತೆಗೆದ ಒಂದು ಚಿತ್ರವು ಆ ಸುರುಳಿಯಲ್ಲಿತ್ತು. ನಮ್ಮ ತಮ್ಮನು ರಾತ್ರಿಯ ಬಸ್ಸಿಗೆ ಹೊರಡುವವನಾಗಿದ್ದು, ನೆಗೆಟಿವನ್ನು ತಾನೇ ಒಯ್ದು ಅಚ್ಚು ಹಾಕಿಸುವೆನೆಂದು ಕೇಳಿದನು. ಹೊರಗೆ ಎಡೆಬಿಡದ ಮಳೆ. ಮೂರು ಗಂಟೆ ಕಳೆದರೂ ತೂಗಹಾಕಿದ ಫಿಲ್ಮಿನ ಪಸೆ ಆರಲಿಲ್ಲ. ತಾಳ್ಮೆಗೆಟ್ಟು ಅದನ್ನು ಅಗ್ಗಿಷ್ಟಿಕೆಯ ಮೇಲೆ ಹಿಡಿದೆವು. ಫಿಲ್ಮು ಒಣಗಿತು, ನಿಜ. ಆದರೆ ತೀರ್ಥರೂಪರ ಹಣೆಯ ಮೇಲೆ ನಿಂತಿದ್ದ ಒಂದು ಹನಿಯು ಬಳೆಯಾಕಾರದ ಕಲೆಯನ್ನು ಉಳಿಸಿತು. ಕೆಂಡದ ಬೂದಿಯ ಕಣಗಳು ಮೆತ್ತಗಿದ್ದ ಪೊರೆಯೊಳಗೆ ಹೂತುಹೋದುವು. ಮರುವರ್ಷ ಅವರು ಕಾಲವಶರಾದರು. ಅನಂತರ ಅವರ ಬೇರೆ ಚಿತ್ರವನ್ನು ತೆಗೆದಿರಲಿಲ್ಲವೆಂಬುದು ಆಗ ನಮ್ಮ ನೆನಪಿಗೆ ಬಂದಿತು.

ಹೀಗೇಕಾಯಿತೆಂಬುದನ್ನು ತಿಳಿಯಬೇಕಾದರೆ ಫಿಲ್ಮಿನ ರಚನೆಯನ್ನು ಅರಿಯಬೇಕು. ಪಾರದರ್ಶಕವಾದ ಒಂದು ಪಟ್ಟಿಯ ಮೇಲೆ ಜೆಲಟಿನ್ ಎಂಬ ವಸ್ತುವಿನ ಅತಿ ತೆಳುವಾದ ಪೊರೆಗಳಿರುತ್ತವೆ. ಪ್ರಾಣಿಗಳ ಚರ್ಮ, ಎಲುಬುಗಳಿಂದ ತೆಗೆದ ಈ ಪದಾರ್ಥವು ಬಡಗಿಗಳು ಕಾಯಿಸಿ ಹಚ್ಚುವ ಸರೇಸಿನ ದಾಯಾದಿ. 1935ರಲ್ಲಿ ಕೊಡಾಕ್ರೋಮ್, 1936ರಲ್ಲಿ ಹೊಸ ಅಗ್ಫಾಕಲರ್ ಫಿಲ್ಮುಗಳು ಬಂದಂದಿನಿಂದ, ನೀಲ, ಹಸುರು, ಕೆಂಪು ಬೆಳಕುಗಳನ್ನು ಬೇರೆಬೇರೆಯಾಗಿ ಗ್ರಹಿಸುವ ಪೊರೆಗಳನ್ನು ಒಂದರ ಮೇಲೊಂದರಂತೆ ಹೊದಿಸುವುದು ರೂಢಿಗೆ ಬಂದಿತು. ನೀರಿನಲ್ಲಿ ನೆನೆದಾಗ ಜೆಲಟಿನ್ ಉಬ್ಬಿ ಮೃದುವಾಗುವುದು; ಒಣಗುವಾಗ ಕುಗ್ಗಿ ಬಿಗಿಯುವುದು. ಒಂದು ಕಡೆ ಹನಿ ನಿಂತು ಸುತ್ತಲಿನ ಭಾಗವು ಬೇಗನೆ ಒಣಗಿದರೆ, ಹನಿಯ ಅಂಚಿನಲ್ಲಿ ಪೊರೆಯು ವಿಷಮವಾಗಿ ಸೆಳೆಯಲ್ಪಡುವುದು. ಆದಕಾರಣ ನೀರು ಬೇಗನೆ ಹೋಗುವುದಕ್ಕಿಂತ ಎಲ್ಲೆಡೆಯೂ ಸಮವಾಗಿ ಹೋಗುವುದು ಮುಖ್ಯ.

ಕಲೆಗಳಲ್ಲಿ ಎರಡು ವಿಧ. ಮೊದಲನೆಯದು ಸುಣ್ಣದ ಕಲೆ. ನಮ್ಮ ಬಯಲುಸೀಮೆಯ ಅನೇಕ ಕೊಳವೆಬಾವಿಗಳ ಗಡಸುನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೇರಳವಾಗಿದ್ದು, ನೀರು ಆವಿಯಾದ ಮೇಲೆ ಹಂಡೆಯ ಒಳಮೈಗೆ ಹಿಡಿಯುವಂತೆ ಫಿಲ್ಮಿಗೂ ಬೆಳ್ಳಗೆ ಹಿಡಿಯುತ್ತವೆ. ಇದನ್ನು ಪುನಃ ತೊಳೆದು ಹೋಗಲಾಡಿಸಬಹುದು. ಎರಡನೆಯದು ಮೇಲೆ ಹೇಳಿದ ಸೆಳೆತದ ಕಲೆ. ಅದು ಬಹುಮಟ್ಟಿಗೆ ಶಾಶ್ವತ. ನಮ್ಮ ಫಿಲ್ಮನ್ನು ಮತ್ತೆ ನೆನೆಸಿ ನೋಡಿದೆವು. ಬೂದಿಯು ಅಲ್ಪಸ್ವಲ್ಪ ಹೋಯಿತು, ಬಳೆಯು ಉಳಿಯಿತು.

ಇನ್ನು ಕ್ರಮವನ್ನು ಹೇಳುವೆವು. ಇಂದು ಬಳಕೆಯಲ್ಲಿರುವ ಸಿ–41 ಎಂಬ ಸಂಸ್ಕಾರವು 1972ರಲ್ಲಿ ಬಂದದ್ದು. ಅದರಲ್ಲಿ ಡೆವಲಪರಿನ ಶಾಖವು 37.8 ಡಿಗ್ರಿ ಸೆಲ್ಸಿಯಸ್ ಇರಬೇಕೆಂದು ಎಲ್ಲರೂ ಉಷ್ಣಮಾಪಕ ಹಿಡಿದು ಕಾಯುವರು. ಕಡೆಯ ದ್ರಾವಣವನ್ನು ಮಾತ್ರ ಕೈಗೆ ಬಂದ ನೀರಿನಲ್ಲಿ ಕಲಸುವರು. ಇದು ಕೂಡದು. ಈ ದ್ರಾವಣವನ್ನು ಭಟ್ಟಿಯಿಳಿಸಿದ ನೀರಿನಲ್ಲಿಯೇ ಮಾಡತಕ್ಕದ್ದು. ಗಡಸುನೀರನ್ನು ಕಾಯಿಸಿ ಸೋಸಿದರೂ ಕೆಲವು ಲವಣಗಳು ಉಳಿದೇ ಇರುತ್ತವೆ. ನೀರು ಹನಿಗಟ್ಟದೆ ಹಾಳೆಯಂತೆ ಜಾರಿಹೋಗುವಂತೆ ಮಾಡುವ ಪದಾರ್ಥವೂ, ಬೂಷ್ಟನ್ನು ತಡೆಯುವ ಪದಾರ್ಥವೂ ಅದರಲ್ಲಿರುತ್ತವೆ. ಹಳೆಯ ಕಾಲದ ಫಿಲ್ಮುಗಳಿಗಾದರೆ ವರ್ಣಗಳು ಮಾಸದಂತೆ ಕಾಪಾಡುವ ಫಾರ್ಮಾಲ್ಡಿಹೈಡ್ ಸಹ ಇರುತ್ತಿತ್ತು. ಆದ್ದರಿಂದ ಈ ದ್ರಾವಣದಿಂದ ತೆಗೆದ ಮೇಲೆ ಶುಚಿಯ ಆಸೆಯಿಂದ ಮತ್ತೊಮ್ಮೆ ನೀರಿನಲ್ಲಿ ಜಾಲಿಸಬಾರದು. ಕಲೆ ತೆಗೆಯಲು ಪುನಃ ತೊಳೆದಾಗಲೂ ಕಡೆಗೆ ಈ ದ್ರಾವಣದಲ್ಲಿ ಅದ್ದಿಯೇ ತೂಗಹಾಕಬೇಕು.

ಮೂವತ್ತಾರು ಚಿತ್ರಗಳ ಸುರುಳಿಯು ಸುಮಾರು 1.6 ಮೀಟರ್ ಉದ್ದವಿರುವುದು. ಅದನ್ನು ತೂಗಹಾಕಲು ಬಚ್ಚಲುಮನೆಯೇ ಪ್ರಶಸ್ತ. ಎಲ್ಲರ ಸ್ನಾನವೂ ಮುಗಿದು, ನೆಲ ಒದ್ದೆಯಾಗಿ, ಧೂಳು ಅಡಗಿರುವ ವೇಳೆಯಲ್ಲಿ ಮೇಲಿನ ತುದಿಯನ್ನು ಗಳಕ್ಕೆ ಸಿಕ್ಕಿಸಿ, ಕೆಳತುದಿಗೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳೆರಡನ್ನು ಭಾರವಾಗಿ ಹಾಕಿ, ಬಾಗಿಲು ಮುಚ್ಚಿ ಹೊರಗೆ ಬರತಕ್ಕದ್ದು. ಬೆರಳಿನಿಂದಾಗಲಿ ಬಟ್ಟೆಯಿಂದಾಗಲಿ ಪೊರೆಯನ್ನು ಒರೆಸಕೂಡದು. ಒಂದು ಮರಳಿನ ಕಣ ಸಿಕ್ಕಿದರೂ ಮೊದಲಿನಿಂದ ಕೊನೆಯ ಚಿತ್ರದವರೆಗೆ ಗೀರು ಬೀಳುವುದು. ಹಸಿಯಾದ ಫಿಲ್ಮು ಹಾಲುಬಣ್ಣಕ್ಕೆ ಮಬ್ಬಾಗಿ ಕಾಣುವುದುಂಟು, ಹೊಸಬರು ಗಾಬರಿಗೊಳ್ಳಬೇಕಾಗಿಲ್ಲ. ಒಣಗಿದಂತೆ ಅದು ತಿಳಿಯಾಗುವುದು.

ಮಳೆಗಾಲದಲ್ಲಿ ಏನು ಮಾಡಬೇಕೆಂದು ಕೇಳುವಿರಿ. ಗಾಳಿಯನ್ನು ಕೊಂಚ ಬೆಚ್ಚಗೆ ಮಾಡಿದರೆ ಸಾಕು. 24 ಡಿಗ್ರಿಯಲ್ಲಿ ನೂರಕ್ಕೆ 90ರಷ್ಟು ಆರ್ದ್ರತೆಯಿರುವ ಗಾಳಿಯು 30 ಡಿಗ್ರಿಗೆ ಏರಿದಾಗ ಅದರ ಆರ್ದ್ರತೆಯು ಸುಮಾರು 63ಕ್ಕೆ ಇಳಿಯುವುದು. ಎತ್ತರವಾದ ಒಂದು ಬೀರುವಿನ ತಳದಲ್ಲಿ 25 ವ್ಯಾಟಿನ ಹಳೆಯ ಮಾದರಿಯ ಬಿಸಿಯಾಗುವ ಬಲ್ಬನ್ನು ಉರಿಸಿ, ಕೆಳಗೂ ಮೇಲೂ ಗಾಳಿಗಂಡಿಗಳನ್ನು ಬಿಟ್ಟು, ಕೆಳಗಿನದಕ್ಕೆ ತೆಳುವಾದ ಮಲ್ಲುಬಟ್ಟೆಯನ್ನು ಕಟ್ಟಿದರೆ ಬಡವನ ಒಣಗುಪೆಟ್ಟಿಗೆ ಸಿದ್ಧವಾಯಿತು. ಬಟ್ಟೆಯೂ ಫಿಲ್ಮಿನ ತುದಿಯೂ ಬಲ್ಬಿನಿಂದ ದೂರವಿರಲಿ. ಬೀರು ಗಿಡ್ಡವಾದರೆ ಎರಡು ಚಿತ್ರಗಳ ನಡುವೆ ಕತ್ತರಿಸಿ ಎರಡು ತುಂಡುಗಳನ್ನಾಗಿ ತೂಗಬಹುದು. ಒಳಗಿನ ಶಾಖವು 40 ಡಿಗ್ರಿಯನ್ನು ಮೀರದಂತೆ ಎಚ್ಚರವಿರಲಿ. ಒಂದೆರಡು ಗಂಟೆಗಳಲ್ಲಿ ಆರಿದಂತೆ ಕಂಡರೂ, ಸಾಧ್ಯವಾದರೆ ಒಂದು ರಾತ್ರಿ ಹಾಗೆಯೇ ಬಿಟ್ಟು, ಬಳಿಕ ಕತ್ತರಿಸಿ ಲಕೋಟೆಗೆ ಹಾಕುವುದು ಕ್ಷೇಮ.

ಕಾಗದದ ಚಿತ್ರಗಳ ಧರ್ಮವು ಬೇರೆ. ಹಿಂದಿನ ಕಾಲದ ನಾರುಕಾಗದವನ್ನು ಹೊಳಪುಳ್ಳ ಬಿಸಿ ತಗಡಿಗೆ ಒತ್ತಿ ಒಣಗಿಸುತ್ತಿದ್ದರು. ಇಂದಿನ ವರ್ಣಕಾಗದದ ಎರಡು ಪಕ್ಕಗಳಲ್ಲಿಯೂ ಪಾಲಿಥೀನಿನ ಹೊದಿಕೆಯಿರುವುದರಿಂದ ಆ ಉಪಚಾರಕ್ಕೆ ಅದು ಕರಗೀತು. ಎರಡು ಮೈಗಳ ನೀರನ್ನೂ ಮೆತ್ತನೆಯ ರಬ್ಬರು ಪಟ್ಟಿಯಿಂದ ಇಳಿಸಿ, ಸೊಳ್ಳೆಬಲೆ ಬಿಗಿದ ಚೌಕಟ್ಟಿನ ಮೇಲೆ ಮುಖ ಮೇಲಾಗಿ ಇಟ್ಟರೆ ಸಾಕು. ಒದ್ದೆ ಚಿತ್ರವು ನೀಲಿ ಛಾಯೆಯನ್ನು ತೋರುವುದರಿಂದ, ಬಣ್ಣ ಸರಿಯಿದೆಯೇ ಎಂಬ ತೀರ್ಪನ್ನು ಪೂರ್ತಿ ಒಣಗಿದ ಮೇಲೆಯೇ ಕೊಡಬೇಕು.

ಕತ್ತಲೆಕೋಣೆಯ ಗೊಡವೆಯಿಲ್ಲದ ಗೃಹಸ್ಥರಿಗೂ ಒಂದು ಮಾತು. 2019ರ ಆಗಸ್ಟ್ ತಿಂಗಳಿನಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಬಂದಂತಹ ನೆರೆಯು ಮನೆಯನ್ನು ಹೊಕ್ಕರೆ, ಮದುವೆಯ ಆಲ್ಬಮ್ಮೂ ನೆನೆಯುವುದು. ಆಗ ಅದನ್ನು ಬಿಸಿಲಿಗೆಸೆಯುವುದೇ ದೊಡ್ಡ ತಪ್ಪು. ಒಣಗಿದೊಡನೆ ಚಿತ್ರಗಳು ಒಂದಕ್ಕೊಂದು ಅಂಟಿ, ಬಿಡಿಸಿದರೆ ಮುಖಗಳೇ ಕಿತ್ತುಬರುವುವು. ಒದ್ದೆಯಿರುವಾಗಲೇ ತಣ್ಣನೆಯ ಶುದ್ಧೋದಕದಲ್ಲಿ ಮುಳುಗಿಸಿ, ತಾವಾಗಿ ಬಿಡುವಂತೆ ಮೆಲ್ಲಗೆ ಬೇರ್ಪಡಿಸಿ, ಮುಖವನ್ನು ಮುಟ್ಟದೆ ನೆರಳಿನಲ್ಲಿ ಹರವಬೇಕು. ಎರಡು ದಿನಗಳೊಳಗೆ ಸಾಧ್ಯವಾಗದಿದ್ದರೆ ನಡುನಡುವೆ ಮೇಣದ ಕಾಗದವಿಟ್ಟು ಹಿಮಪೆಟ್ಟಿಗೆಯಲ್ಲಿ ಹೆಪ್ಪುಗಟ್ಟಿಸಿ, ಅವಕಾಶವಾದಾಗ ಸ್ವಲ್ಪ ಸ್ವಲ್ಪವಾಗಿ ತೆಗೆದು ಒಣಗಿಸಬಹುದು.

ನಮ್ಮ ತೀರ್ಥರೂಪರ ಆ ಚಿತ್ರವು ಈಗಲೂ ನಡುಮನೆಯಲ್ಲಿದೆ. ಕಂಪ್ಯೂಟರಿನಲ್ಲಿ ಆ ಬಳೆಯನ್ನು ಅಳಿಸಿಕೊಡುವೆನೆಂದು ಮೊಮ್ಮಗನು ಹೇಳಿದನು, ಬೇಡವೆಂದೆವು. ಅಂದು ರಾತ್ರಿಯ ಬಸ್ಸು ಹೋದರೆ ಬೆಳಗಿನ ಬಸ್ಸು ಇದ್ದೇ ಇತ್ತು. ವಾಚಕರ ಮನೆಗಳಲ್ಲಿ ಯಾರ ಹಣೆಯ ಮೇಲೂ ಇಂತಹ ಕಲೆಯು ಬೀಳದಿರಲೆಂದು ಹಾರೈಸಿ ವಿರಮಿಸುವೆವು.